ಬೆಟ್ಟದ ಯುದ್ಧಕ್ಕೆ ಬೆಟ್ಟದವರೇ ಯಾಕೆ? ಲಡಾಖ್ ಸ್ಕೌಟ್ಸ್ ಹುಟ್ಟಿದ ಕಥೆ

ಪ್ರಶ್ನೆ: ಸರ್, ನಮ್ಮ ಸೇನೆಯಲ್ಲಿ ಎತ್ತರದ ಬೆಟ್ಟಗಳಲ್ಲಿ ಯುದ್ಧ ಮಾಡೋಕೇ ಅಂತ ಬೇರೆ ರೆಜಿಮೆಂಟ್ ಇದ್ಯಾ? ಲಡಾಖ್ ಸ್ಕೌಟ್ಸ್ ಅಂತ ಹೆಸರು ಕೇಳಿದ್ದೀನಿ. ಅದರ ಇತಿಹಾಸ ಏನು? ಅಲ್ಲಿಯವರನ್ನೇ ಯಾಕೆ ತಗೋತಾರೆ, ಟ್ರೇನಿಂಗ್ ಕೊಟ್ರೆ ಯಾವ ಸೈನಿಕ ಬೇಕಾದ್ರೂ ಮಾಡಬಹುದಲ್ವಾ? ನನ್ನ ತಮ್ಮ ಸೇನೆಗೆ ಸೇರೋಕೆ ತಯಾರಿ ಮಾಡ್ತಿದ್ದಾನೆ, ಅವನು ಇದಕ್ಕೆ ಸೇರಬಹುದಾ?

ಉತ್ತರ: ಹೌದು, ಇದೆ, ನೀವು ಕೇಳಿರೋ ಹೆಸರೇ ಅದು. ಆದ್ರೆ ಮೊದಲು ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ನಮ್ಮಲ್ಲಿ ‘ಮೌಂಟೇನ್ ಡಿವಿಷನ್’ ಅಂತ ಬಹಳ ಇವೆ, ಅವು ಹೆಚ್ಚಾಗಿ 1962ರ ಚೀನಾ ಯುದ್ಧದ ಆಸುಪಾಸಲ್ಲಿ ಮತ್ತು ಆಮೇಲೆ ಕಟ್ಟಿದವು. ಅವುಗಳಲ್ಲಿ ಇರೋ ಬೆಟಾಲಿಯನ್‌ಗಳು ಮಾಮೂಲಿ ಇನ್‌ಫೆಂಟ್ರಿ ರೆಜಿಮೆಂಟ್‌ಗಳವು, ಅಂದ್ರೆ ಮದ್ರಾಸ್, ಮರಾಠಾ, ರಜಪೂತ್, ಸಿಖ್ ಹೀಗೆ, ಎರಡು ಮೂರು ವರ್ಷ ಬೆಟ್ಟದಲ್ಲಿದ್ದು ಆಮೇಲೆ ಮರುಭೂಮಿಗೋ ಬಯಲಿಗೋ ಹೋಗ್ತಾರೆ. ಐಟಿಬಿಪಿ (ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸ್) ಅಂತ ಇನ್ನೊಂದಿದೆ, 1962ರಲ್ಲೇ ಹುಟ್ಟಿದ್ದು, ಆದ್ರೆ ಅದು ಗೃಹ ಇಲಾಖೆಯ ಪಡೆ, ಸೇನೆ ಅಲ್ಲ. ಬೆಟ್ಟದ ನೆಲದಲ್ಲೇ ಹುಟ್ಟಿ ಆ ನೆಲ ಬಿಟ್ಟು ಬಹುಮಟ್ಟಿಗೆ ಬೇರೆ ಕಡೆ ಹೋಗದ ರೆಜಿಮೆಂಟ್ ಅಂದ್ರೆ ಲಡಾಖ್ ಸ್ಕೌಟ್ಸ್.

ನಿಮ್ಮ ಎರಡನೇ ಪ್ರಶ್ನೆ, ಟ್ರೇನಿಂಗ್ ಕೊಟ್ರೆ ಸಾಕಲ್ವಾ ಅನ್ನೋದು, ಅದೇ ಈ ರೆಜಿಮೆಂಟಿನ ಇಡೀ ಇತಿಹಾಸ ಅಂತ ನನಗನಿಸುತ್ತೆ. ಯಾಕಂದ್ರೆ 1948ರಿಂದ 1999ರವರೆಗೆ ಪ್ರತಿ ಯುದ್ಧದಲ್ಲೂ ಇದೇ ಪ್ರಶ್ನೆ ಎದ್ದಿದೆ, ಪ್ರತಿ ಸಲ ಬೆಟ್ಟವೇ ಉತ್ತರ ಕೊಟ್ಟಿದೆ, ಆದ್ರೂ ಇವರಿಗೆ ಪೂರ್ತಿ ರೆಜಿಮೆಂಟ್ ಅನ್ನೋ ಗೌರವ ಸಿಗೋಕೆ 52 ವರ್ಷ ಬೇಕಾಯ್ತು.

ಕಥೆ ಶುರುವಾಗೋದು ನಮ್ಮ ಕಡೆಯಿಂದ ಅಲ್ಲ, ಆ ಕಡೆಯಿಂದ. ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ. ಗಿಲ್ಗಿಟ್ ಸ್ಕೌಟ್ಸ್ ಅಂತ ಬ್ರಿಟಿಷರು ಕಟ್ಟಿದ ಒಂದು ಸ್ಥಳೀಯ ಪಡೆ ಇತ್ತು, ಅಲ್ಲಿಯ ಕಣಿವೆಗಳ ಹುಡುಗರೇ, ಹಗುರ ಸಾಮಾನು, ಬೆಟ್ಟ ಏರೋದು ಇಳಿಯೋದು ಅವರಿಗೆ ದಿನನಿತ್ಯದ ಕೆಲಸ. 1947ರ ನವೆಂಬರ್ ಶುರುವಲ್ಲಿ ಇವರು ಕಾಶ್ಮೀರದ ಮಹಾರಾಜರ ಗವರ್ನರ್‌ನ ಬಂಧಿಸಿ ಪಾಕಿಸ್ತಾನದ ಕಡೆ ಹೋದ್ರು. ಆಮೇಲೆ ಅವರೇ, ಈಗ ಪಾಕಿಸ್ತಾನದ ಹಿಡಿತದಲ್ಲಿರೋ ಸ್ಕರ್ದು ಊರಿನ ಕಡೆ ಇಳಿದು ಬಂದ್ರು. ಸ್ಕರ್ದು ಕೋಟೆಯಲ್ಲಿ ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ 1948ರ ಫೆಬ್ರವರಿಯಿಂದ ಆಗಸ್ಟ್ 14ರವರೆಗೆ, ಆರು ತಿಂಗಳು, ಊಟ ಮದ್ದುಗುಂಡು ಮುಗಿಯೋವರೆಗೂ ಹಿಡಿದುಕೊಂಡು ಕೂತಿದ್ರು. ಅಷ್ಟರಲ್ಲಿ ಮೇ ತಿಂಗಳಲ್ಲಿ ಕಾರ್ಗಿಲ್ ಹೋಯ್ತು, ದ್ರಾಸ್ ಆಮೇಲೆ ಹೋಯ್ತು, ಶ್ರೀನಗರದಿಂದ ಲೇಹ್‌ಗೆ ಇದ್ದ ಒಂದೇ ದಾರಿ ಕಡಿದುಹೋಯ್ತು. ಅಂದ್ರೆ ಬೆಟ್ಟದ ಜನರ ಪಡೆ ಏನು ಮಾಡಬಲ್ಲದು ಅಂತ ನಮಗೆ ಮೊದಲು ಪಾಠ ಕಲಿಸಿದ್ದು ಎದುರಾಳಿಗಳೇ.

ಲೇಹ್ ಉಳಿಸೋಕೆ ಏನು ಮಾಡಿದ್ರು ಅನ್ನೋದು ಈಗ ಓದಿದ್ರೂ ಮೈ ಝುಂ ಅನ್ನುತ್ತೆ. 2 ಡೋಗ್ರಾ ಬೆಟಾಲಿಯನ್‌ನ ಪೃಥಿ ಚಂದ್ ಅಂತ ಒಬ್ಬ ಅಧಿಕಾರಿ, ಲಾಹೌಲ್ ಕಡೆಯವರು, ಅವರ ಬಂಧು ಖುಶಾಲ್ ಚಂದ್ ಮತ್ತು ಸುಬೇದಾರ್ ಭೀಮ್ ಚಂದ್ ಕೂಡ ಅದೇ ಊರ ಕಡೆಯವರು. ಲಾಹೌಲ್ ಅಂದ್ರೆ ವರ್ಷಕ್ಕೆ ಅರ್ಧ ಹಿಮದಲ್ಲಿ ಮುಚ್ಚಿರೋ ಜಾಗ. 1948ರ ಫೆಬ್ರವರಿಯಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ಹೋಗೋ ಜೋಜಿಲಾ ಪಾಸ್ (ಬೆಟ್ಟದ ಕಣಿವೆದಾರಿ) ದಾಟೋದು ಅಸಾಧ್ಯ ಅಂತ ಎಲ್ಲರೂ ಹೇಳೋ ಕಾಲದಲ್ಲಿ, 40 ಜನರ ಆಸುಪಾಸಿನ ಒಂದು ಸ್ವಯಂಸೇವಕರ ತಂಡ ಕಟ್ಟಿಕೊಂಡು, ಸ್ಥಳೀಯರಿಗೆ ಕೊಡೋಕೆ ಅಂತ ಹೆಚ್ಚಿಗೆ ರೈಫಲ್‌ಗಳನ್ನೂ ಹೊತ್ತುಕೊಂಡು ನಡೆದೇ ಹೊರಟ್ರು. ಜೋಜಿಲಾ 11,500 ಅಡಿ ಚಿಲ್ಲರೆ, ಎತ್ತರಕ್ಕಿಂತ ಅಲ್ಲಿಯ ಹಿಮಪಾತ ಮತ್ತು ಗಾಳಿಯೇ ಹೆಚ್ಚು ಅಪಾಯ. ಮಾರ್ಚ್‌ನಲ್ಲಿ ಲೇಹ್ ಮುಟ್ಟಿದ್ರು, ಅಲ್ಲಿ ಧ್ವಜ ಹಾರಿಸಿದ್ರು, ಊರಿನ ಹುಡುಗರನ್ನ ಕರೆದು ರೈಫಲ್ ಹಿಡಿಯೋದು ಕಲಿಸೋಕೆ ಶುರು ಮಾಡಿದ್ರು. ಲಡಾಖ್ ಸ್ಕೌಟ್ಸ್ ಬೀಜ ಬಿದ್ದಿದ್ದು ಅಲ್ಲಿ, ಯಾವ ಸರ್ಕಾರಿ ಆದೇಶದಿಂದಲೂ ಅಲ್ಲ.

ಹಾಗೆ ಬಂದವರಲ್ಲಿ ಒಬ್ಬ ನುಬ್ರಾ ಕಣಿವೆಯ ಸುಮೂರ್ ಊರಿನ ಚೆವಾಂಗ್ ರಿಂಚೆನ್. ವಯಸ್ಸು 17. ಈ ಹುಡುಗ ತನ್ನ ಕಣಿವೆಯಿಂದ 28 ಜನರನ್ನ ಒಟ್ಟು ಮಾಡಿದ, ಇವರೇ ‘ನುಬ್ರಾ ಗಾರ್ಡ್ಸ್’. ನುಬ್ರಾ ಕಡೆಯಿಂದ ಲೇಹ್‌ಗೆ ಬರ್ತಿದ್ದ ದಾಳಿಯನ್ನ ತಡೆದಿದ್ದು ಇವರು. ಆಮೇಲೆ ರಿಂಚೆನ್ ಜಮಾದಾರ್ (ಆಗಿನ ಕಿರಿಯ ಅಧಿಕಾರಿ ಹುದ್ದೆ) ಆಗಿ 17,000 ಅಡಿಯ ಲಾಮಾ ಹೌಸ್ ಅನ್ನೋ ಪೋಸ್ಟ್‌ಗೆ ಹಿಮದಲ್ಲಿ ಮೂರು ದಿನ ನಡೆದು ಹೋಗಿ ಹಿಡಿದ. ಡಿಸೆಂಬರ್‌ನಲ್ಲಿ ಬಿಯಾಗ್‌ಡಾಂಗ್ಡೊ ಹತ್ತಿರದ ಇನ್ನೊಂದು ಗುಡ್ಡ ಹಿಡಿಯೋಕೆ ನೇರ ದಾರಿ ಬಿಟ್ಟು 21,000 ಅಡಿಯ ಬೆಟ್ಟ ಸುತ್ತಿ ಬಂದ್ರು, ಅದಕ್ಕೂ ಮೂರು ದಿನ, ತಂಡದಲ್ಲಿ ಸುಮಾರು ಅರ್ಧ ಜನಕ್ಕೆ ಫ್ರಾಸ್ಟ್‌ಬೈಟ್ (ಚಳಿಗೆ ಕೈಕಾಲು ಹೆಪ್ಪುಗಟ್ಟೋದು) ಆಗಿತ್ತು, ಹಾಗಿದ್ರೂ ದಾಳಿ ಮಾಡಿ ಗೆದ್ದರು. ಇದಕ್ಕೆ ಅವರಿಗೆ ಮಹಾವೀರ ಚಕ್ರ ಬಂತು, ಯುದ್ಧಕಾಲದ ಎರಡನೇ ಅತಿ ದೊಡ್ಡ ಶೌರ್ಯ ಪದಕ ಅದು, ಅದನ್ನ ಪಡೆದವರಲ್ಲೇ ಅತಿ ಚಿಕ್ಕವರು ಅವರು.

ಇಲ್ಲಿ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಆಗ ಅವರು ಮೇಜರ್ ಜನರಲ್, ಆ ಭಾಗದ ಡಿವಿಷನ್ ಕಮಾಂಡರ್. ಲೇಹ್‌ನಲ್ಲಿ ಎಂಜಿನಿಯರ್ ಸೋನಮ್ ನೊರ್ಬು ಸ್ಥಳೀಯರನ್ನ ಸೇರಿಸಿಕೊಂಡು ಮಣ್ಣಿನ ಏರ್‌ಸ್ಟ್ರಿಪ್ ಮಾಡಿದ್ರು, 1948ರ ಮೇ 24ಕ್ಕೆ ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನ ತಗೊಂಡು ಅಲ್ಲಿ ಇಳಿದ್ರು, ಪಕ್ಕದಲ್ಲಿ ಕೂತಿದ್ದವರು ತಿಮ್ಮಯ್ಯ. ಆ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡ ಕಾಯೋ ವ್ಯವಸ್ಥೆ ಇರಲಿಲ್ಲ, ಮ್ಯಾಪ್ ಸರಿಯಾಗಿ ಇರಲಿಲ್ಲ, ಹಿಮಾಲಯದ ಮೇಲೆ ಹಾರಿ ಹತ್ತು ಸಾವಿರ ಅಡಿ ಮೇಲಿನ ಮರಳಲ್ಲಿ ಇಳಿಯೋದು, ಡಿವಿಷನ್ ಕಮಾಂಡರೇ ಮೊದಲನೇ ವಿಮಾನದಲ್ಲಿ! ಆಮೇಲೆ ನವೆಂಬರ್ 1ಕ್ಕೆ ಜೋಜಿಲಾ ಮೇಲೆ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳನ್ನ ಹತ್ತಿಸಿದ್ದೂ ಅವರ ಪ್ಲಾನೇ, ಅದಕ್ಕೆ ದಾರಿ ಮಾಡಿಕೊಟ್ಟವರು ಮದ್ರಾಸ್ ಸ್ಯಾಪರ್ಸ್, ಅಂದ್ರೆ ಸೇನೆಯ ಎಂಜಿನಿಯರ್ ಪಡೆ, ಬೆಂಗಳೂರಲ್ಲಿ ಕೇಂದ್ರ ಇರೋ ಅದೇ ರೆಜಿಮೆಂಟ್. ಅಷ್ಟು ಎತ್ತರದಲ್ಲಿ ಅದಕ್ಕೂ ಮೊದಲು ಯಾರೂ ಟ್ಯಾಂಕ್ ಬಳಸಿರಲಿಲ್ಲ. ಆದ್ರೆ ನನ್ನ ದೃಷ್ಟಿಯಲ್ಲಿ ತಿಮ್ಮಯ್ಯನವರ ದೊಡ್ಡ ಕೆಲಸ ಟ್ಯಾಂಕ್ ಅಲ್ಲ. ಅದೇ 1948ರ ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಒಂದು ಸ್ಕೀ ಸ್ಕೂಲ್ ಶುರು ಮಾಡಿಸಿದ್ರು, ಅದೇ ಬೆಳೆದು 1962ರ ಏಪ್ರಿಲ್‌ನಲ್ಲಿ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯ್ತು. ಬೆಟ್ಟದ ಯುದ್ಧ ಅನ್ನೋದು ಬೇರೆಯೇ ವಿದ್ಯೆ, ಅದನ್ನ ಕೂತು ಕಲಿಯಬೇಕು ಅಂತ ಅರ್ಥ ಮಾಡಿಕೊಂಡಿದ್ದ ಮನುಷ್ಯ.

ಯುದ್ಧ ಮುಗಿದ ಮೇಲೆ ನುಬ್ರಾ ಗಾರ್ಡ್ಸ್‌ನವರನ್ನ ಜಮ್ಮು ಕಾಶ್ಮೀರ ಮಿಲಿಷಿಯಾದ 7 ಮತ್ತು 14ನೇ ಬೆಟಾಲಿಯನ್‌ಗಳಿಗೆ ಸೇರಿಸಿದ್ರು. ಮಿಲಿಷಿಯಾ ಅಂದ್ರೆ ಪೂರ್ತಿ ಸೈನಿಕರ ಲೆಕ್ಕ ಅಲ್ಲ, ಸೌಲಭ್ಯ ಆಯುಧ ಎರಡೂ ಕಮ್ಮಿ. 1962ರಲ್ಲಿ ಚೀನಾ ನುಗ್ಗಿದಾಗ ಲಡಾಖಿನ ಉತ್ತರ ತುದಿಯ ದೌಲತ್ ಬೇಗ್ ಓಲ್ಡಿ ಕಡೆಯ ಚಿಕ್ಕ ಚಿಕ್ಕ ಪೋಸ್ಟ್‌ಗಳಲ್ಲಿ ಇದ್ದವರು ಈ 14 ಮಿಲಿಷಿಯಾದವರು, ಒಂದೊಂದು ಪೋಸ್ಟ್‌ನಲ್ಲಿ ಕೈಬೆರಳಲ್ಲಿ ಎಣಿಸೋ ಅಷ್ಟು ಜನ, ಒಂದಕ್ಕೊಂದು ಸಂಪರ್ಕ ಇಲ್ಲ. ಬೇರೆ ಕಡೆಗಳಿಂದ ಬಂದ ನಮ್ಮ ಪಡೆಗಳು ಹಳೇ .303 ರೈಫಲ್, ಆ ಚಳಿಗೆ ಸಾಲದ ಬಟ್ಟೆ ಹಾಕಿಕೊಂಡು 16,000 ಅಡಿ ಮೇಲೆ ನಿಂತಿದ್ವು. ರೆಜಾಂಗ್ ಲಾದಲ್ಲಿ ನವೆಂಬರ್ 18ಕ್ಕೆ ಮೇಜರ್ ಶೈತಾನ್ ಸಿಂಗ್ ಮತ್ತು 13 ಕುಮಾವ್ ಕಂಪನಿ ಕೊನೇ ಗುಂಡಿನವರೆಗೂ ಹೋರಾಡಿದ್ದು ನಿಮಗೆ ಗೊತ್ತಿರುತ್ತೆ, ಅವರ ಶೌರ್ಯದ ಬಗ್ಗೆ ಮಾತೇ ಇಲ್ಲ. ಆದ್ರೆ ಅಂಥ ಸೈನಿಕರನ್ನ ಆ ಎತ್ತರಕ್ಕೆ ಬೇಕಾದ ಸಿದ್ಧತೆ ಇಲ್ಲದೆ ಕಳಿಸಿದ್ದು ದೊಡ್ಡ ತಪ್ಪು, ಅದನ್ನ ಹೇಳಲೇಬೇಕು.

ಇಲ್ಲಿ ಸ್ವಲ್ಪ ನಿಂತು, ಎತ್ತರ ದೇಹಕ್ಕೆ ಏನು ಮಾಡುತ್ತೆ ಅಂತ ಹೇಳ್ತೀನಿ, ಇಲ್ಲಾಂದ್ರೆ ‘ಟ್ರೇನಿಂಗ್ ಸಾಕಲ್ವಾ’ ಅನ್ನೋದಕ್ಕೆ ಉತ್ತರ ಸಿಗಲ್ಲ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಅಂದ್ರೆ ಪ್ರತಿ ಉಸಿರಿಗೂ ಅರ್ಧ ಆಕ್ಸಿಜನ್. ಬಯಲಿಂದ ಬಂದವನು ಎಷ್ಟೇ ಗಟ್ಟಿ ಇದ್ರೂ, ಮ್ಯಾರಥಾನ್ ಓಡೋನಾದ್ರೂ, ಅವಸರದಲ್ಲಿ ಮೇಲೆ ಹೋದ್ರೆ ಶ್ವಾಸಕೋಶದಲ್ಲಿ ನೀರು ತುಂಬಿ ಸಾಯಬಹುದು, ಮೆದುಳು ಊದಿಕೊಳ್ಳಬಹುದು. ಈ ಶ್ವಾಸಕೋಶದ ಕಾಯಿಲೆಯ ಬಗ್ಗೆ ಜಗತ್ತಿನಲ್ಲೇ ದೊಡ್ಡ ಮಟ್ಟದ ಅಧ್ಯಯನ ಮಾಡಿದವರಲ್ಲಿ ನಮ್ಮ ಸೇನೆಯ ಡಾಕ್ಟರ್‌ಗಳಿದ್ದಾರೆ, 1960ರ ದಶಕದಲ್ಲಿ, ಯಾಕಂದ್ರೆ ಅಷ್ಟು ಸೈನಿಕರನ್ನ ಒಮ್ಮೆಗೇ ಅಷ್ಟು ಮೇಲೆ ಕಳಿಸಿದ ಸೇನೆ ಇನ್ನೊಂದು ಇರಲಿಲ್ಲ. ಅದರಿಂದಲೇ ಈಗಿನ ಮೂರು ಹಂತದ ನಿಯಮ ಬಂದಿದ್ದು: 9,000ದಿಂದ 12,000 ಅಡಿಗೆ ಆರು ದಿನ, 15,000ದವರೆಗೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲೆ ಹೋಗೋಕೆ ಮತ್ತೆ ನಾಲ್ಕು ದಿನ. ಒಟ್ಟು 14 ದಿನ. ಯುದ್ಧ ಶುರುವಾಗಿದೆ, ಶತ್ರು ಮೇಲೆ ಕೂತಿದ್ದಾನೆ, ನಿಮ್ಮ ಹತ್ತಿರ 14 ದಿನ ಇಲ್ಲ, ಆಗ ಏನು ಮಾಡ್ತೀರ?

ಅಲ್ಲೇ ಹುಟ್ಟಿ ಬೆಳೆದ ಹುಡುಗನಿಗೆ ಈ ಲೆಕ್ಕ ಅಷ್ಟಾಗಿ ಅನ್ವಯಿಸಲ್ಲ, ಅವನು ಆ ಗಾಳಿಯಲ್ಲೇ ಇದ್ದಾನೆ. ಟಿಬೆಟ್ ಪ್ರಸ್ಥಭೂಮಿಯ ಜನರ ಜೀನ್‌ನಲ್ಲೇ ಎತ್ತರಕ್ಕೆ ಹೊಂದಿಕೊಂಡ ಗುಣ ಇದೆ ಅಂತ 2010ರಲ್ಲಿ ವಿಜ್ಞಾನಿಗಳು ತೋರಿಸಿದ್ರು, ನಮ್ಮಂಥವರು ಮೇಲೆ ಹೋದಾಗ ರಕ್ತ ಮಂದವಾಗ್ತಾ ಹೋಗುತ್ತೆ, ಅವರಿಗೆ ಅಷ್ಟು ಆಗಲ್ಲ. ಆದ್ರೆ ದಯವಿಟ್ಟು ಇದನ್ನ ಬರೀ ರಕ್ತದ ವಿಷಯ ಅಂತ ತಿಳ್ಕೋಬೇಡಿ. ಯಾವ ಇಳಿಜಾರಲ್ಲಿ ಮಧ್ಯಾಹ್ನದ ಮೇಲೆ ಹಿಮ ಜಾರುತ್ತೆ, ಹೆಪ್ಪುಗಟ್ಟಿದ ನದಿ ಮೇಲೆ ಎಲ್ಲಿ ಕಾಲಿಡಬಹುದು, ಯಾವ ಮೋಡ ಬಂದ್ರೆ ಎಷ್ಟು ಹೊತ್ತಲ್ಲಿ ಗಾಳಿ ಏಳುತ್ತೆ, ಕುರಿ ಮೇಯಿಸೋರು ಬೇಸಿಗೆಯಲ್ಲಿ ಬಳಸೋ ಕಾಲುದಾರಿ ಯಾವ ಬೆಟ್ಟದ ಹಿಂದೆ ಹೋಗುತ್ತೆ, ಇದೆಲ್ಲ ಕ್ಲಾಸ್‌ರೂಮಲ್ಲಿ ಬರಲ್ಲ. ಟ್ರೇನಿಂಗ್ ಕೊಟ್ಟು ಒಳ್ಳೇ ಪರ್ವತಾರೋಹಿ ಮಾಡಬಹುದು, ಆ ಕಣಿವೆಯವನನ್ನ ಮಾಡೋಕಾಗಲ್ಲ.

ಇದು ನಮ್ಮಲ್ಲಿ ಮಾತ್ರ ಗೊತ್ತಾದ ವಿಷಯವೂ ಅಲ್ಲ. ಇಟಲಿಯಲ್ಲಿ 1872ರಲ್ಲೇ ಆಲ್ಪಿನಿ ಅನ್ನೋ ಪಡೆ ಕಟ್ಟಿದ್ರು, ಆಲ್ಪ್ಸ್ ಬೆಟ್ಟದ ಗಡಿ ಕಾಯೋಕೆ ಅಲ್ಲಿಯ ಕಣಿವೆಯವರನ್ನೇ ತಗೋಬೇಕು ಅನ್ನೋದೇ ಅದರ ಮೂಲ ಯೋಚನೆ. ಅಮೆರಿಕದವರು ಎರಡನೇ ಮಹಾಯುದ್ಧದಲ್ಲಿ 10ನೇ ಮೌಂಟೇನ್ ಡಿವಿಷನ್ ಮಾಡಿದಾಗ ಸ್ಕೀಯಿಂಗ್ ಗೊತ್ತಿದ್ದವರನ್ನ, ಪರ್ವತಾರೋಹಿಗಳನ್ನ ಹುಡುಕಿ ಹುಡುಕಿ ಸೇರಿಸಿಕೊಂಡ್ರು.

ಸರಿ, 1962ರ ಪೆಟ್ಟಿನ ಮೇಲೆ 1963ರ ಜೂನ್ 1ಕ್ಕೆ ಮಿಲಿಷಿಯಾದ ಆ ಎರಡು ಬೆಟಾಲಿಯನ್‌ಗಳಿಂದ ಲಡಾಖಿಗಳನ್ನ ತೆಗೆದು ಲಡಾಖ್ ಸ್ಕೌಟ್ಸ್ ಕಟ್ಟಿದ್ರು. ಬೌದ್ಧರೂ ಇದ್ದಾರೆ, ಕಾರ್ಗಿಲ್ ನುಬ್ರಾ ಕಡೆಯ ಮುಸ್ಲಿಮರೂ ಇದ್ದಾರೆ. ಮುಂದೆ ಕಾರಾಕೋರಂ ವಿಂಗ್, ಇಂಡಸ್ ವಿಂಗ್ ಅಂತ ಎರಡು ಭಾಗ. ಕೆಲಸ ಏನಂದ್ರೆ ಗಡಿಯಲ್ಲಿ ದೂರ ದೂರ ಗಸ್ತು, ಕಣ್ಣಿಡೋದು, ಯುದ್ಧ ಬಂದ್ರೆ ಮುಂದೆ ಹೋಗಿ ದಾರಿ ತೋರಿಸೋದು. ಹೆಸರೇ ‘ಸ್ಕೌಟ್ಸ್’ ಅಲ್ವಾ. ಚಿಹ್ನೆ ಐಬೆಕ್ಸ್, ಅಂದ್ರೆ ಬಂಡೆ ಮೇಲೆ ನಿಲ್ಲೋ ಕಾಡುಮೇಕೆ. ಯುದ್ಧಘೋಷ ‘ಕಿ ಕಿ ಸೋ ಸೋ ಲ್ಹಾರ್ಗ್ಯಾಲೊ’, ದೇವರಿಗೆ ಜಯ ಅಂತ ಅರ್ಥ, ಲಡಾಖಿಗಳು ಎತ್ತರದ ಪಾಸ್ ದಾಟಿದಾಗ ಕೂಗೋದು ಇದನ್ನೇ. ಸೇನೆಯಲ್ಲಿ ಉಳಿದವರು ಇವರನ್ನ ಪ್ರೀತಿಯಿಂದ ‘ನುನ್ನು’ ಅಂತಾರೆ.

1971 ಇವರ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಅಧ್ಯಾಯ. ಆ ಯುದ್ಧ ಅಂದ್ರೆ ಎಲ್ಲರಿಗೂ ಢಾಕಾ ನೆನಪಾಗುತ್ತೆ, ಉತ್ತರದ ತುದಿಯಲ್ಲಿ ಶ್ಯೋಕ್ ನದಿ ಪಕ್ಕ ನಡೆದಿದ್ದು ಯಾರಿಗೂ ನೆನಪಿರಲ್ಲ. ಕರ್ನಲ್ ಉದಯ್ ಸಿಂಗ್ ಸೆಕ್ಟರ್ ಕಮಾಂಡರ್, ಕೆಳಗೆ ಮೇಜರ್ ಚೆವಾಂಗ್ ರಿಂಚೆನ್, ಹೌದು, 1948ರ ಅದೇ ಹುಡುಗ, ಈಗ 40 ವರ್ಷ. ಜೊತೆಗೆ ಲಡಾಖ್ ಸ್ಕೌಟ್ಸ್ ಮತ್ತು ಮತ್ತೆ ಸೇರಿಸಿಕೊಂಡ ನುಬ್ರಾ ಗಾರ್ಡ್ಸ್. ಡಿಸೆಂಬರ್ ಚಳಿ. ರಿಂಚೆನ್ ಕೆಳಗಿನ ದಾರಿಯಲ್ಲಿ ಹೋಗಲಿಲ್ಲ, ಯಾಕಂದ್ರೆ ಅಲ್ಲಿ ಶತ್ರು ಕಾದು ಕೂತಿದ್ದ. ಮೇಲಿನ ಶಿಖರದಿಂದ ಶುರು ಮಾಡಿದ್ರು, ಮೊದಲು 18,000 ಅಡಿ ಮೇಲಿನ ಪಾಯಿಂಟ್ 18402, ಅಲ್ಲಿಂದ ಕೆಳಕ್ಕೆ ಚಾಲುಂಕಾ, ಆಮೇಲೆ ತುರ್ತುಕ್, ತ್ಯಾಕ್ಷಿ, ಥಾಂಗ್. ಡಿಸೆಂಬರ್ 17ಕ್ಕೆ ಕದನವಿರಾಮ ಬರೋ ಹೊತ್ತಿಗೆ ಸುಮಾರು 800 ಚದರ ಕಿಲೋಮೀಟರ್ ನಮ್ಮ ಕೈಗೆ ಬಂದಿತ್ತು. ತುರ್ತುಕ್‌ನ ಜನ ಬಾಲ್ಟಿ ಮುಸ್ಲಿಮರು, ಭಾರತದ ಸೈನ್ಯ ಬಂತು ಅಂತ ಹೆದರಿ ಅಡಗಿದ್ರು, ರಿಂಚೆನ್ ಅವರ ಭಾಷೆಗೆ ಹತ್ತಿರದ ಭಾಷೆ ಮಾತಾಡೋರು, ಯಾರ ಮನೆಗೂ ಹೋಗಬೇಡಿ ಯಾರನ್ನೂ ಮುಟ್ಟಬೇಡಿ ಅಂತ ತಮ್ಮ ಜವಾನರಿಗೆ ಕಟ್ಟುನಿಟ್ಟು ಮಾಡಿ, ಊರಿನವರನ್ನ ಕರೆದು ಧೈರ್ಯ ಹೇಳಿದ್ರು. ಬೆಟ್ಟದವರನ್ನೇ ಯಾಕೆ ತಗೋಬೇಕು ಅಂತ ಕೇಳಿದ್ರಲ್ಲ, ಇದೂ ಒಂದು ಉತ್ತರ: ಎದುರಿನ ಊರಿನವರ ಜೊತೆ ಮಾತಾಡೋಕೆ ಬರಬೇಕು. 2010ರಿಂದ ತುರ್ತುಕ್‌ಗೆ ಪ್ರವಾಸಿಗರೂ ಹೋಗಬಹುದು. ರಿಂಚೆನ್ ಅವರಿಗೆ ಎರಡನೇ ಮಹಾವೀರ ಚಕ್ರ ಬಂತು, ಎರಡು ಸಲ ಆ ಪದಕ ಪಡೆದವರು ಇಡೀ ದೇಶದಲ್ಲಿ ಆರೇ ಜನ. ಶ್ಯೋಕ್ ನದಿ ಮೇಲೆ 2019ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆದ ದೊಡ್ಡ ಸೇತುವೆಗೆ ಅವರ ಹೆಸರೇ ಇಟ್ಟಿದ್ದಾರೆ.

ಸಿಯಾಚಿನ್ ಹಿಮನದಿ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಚುಟುಕಾಗಿ: 1984ರ ಏಪ್ರಿಲ್ 13ಕ್ಕೆ ಅದನ್ನ ಹಿಡಿಯೋ ಆಪರೇಷನ್ ಮೇಘದೂತ್ ಶುರುವಾದಾಗ 4 ಕುಮಾವ್ ಜೊತೆ ಮೇಲೆ ಹತ್ತಿದವರು ಲಡಾಖ್ ಸ್ಕೌಟ್ಸ್. ಅಲ್ಲಿ ಗುಂಡಿಗಿಂತ ಹವಾಮಾನವೇ ಹೆಚ್ಚು ಜನರನ್ನ ಕೊಂದಿದೆ. ಆ ಶುರುವಿನ ದಿನಗಳ ಸಾಹಸಕ್ಕೆ ಸ್ಕೌಟ್ಸ್‌ನ ಚೆರಿಂಗ್ ಮುತುಪ್ ಅವರಿಗೆ ಅಶೋಕ ಚಕ್ರ ಬಂತು, ಶಾಂತಿಕಾಲದ ಅತಿ ದೊಡ್ಡ ಪದಕ ಅದು.

ಆಮೇಲೆ 1999. ಮೇ ಶುರುವಲ್ಲಿ ಬಟಾಲಿಕ್ ಕಡೆ ಕುರಿಗಾಹಿ ತಾಶಿ ನಾಮ್‌ಗ್ಯಾಲ್ ತನ್ನ ಕಳೆದುಹೋದ ಯಾಕ್ ಹುಡುಕ್ತಾ ಮೇಲೆ ಅಪರಿಚಿತರನ್ನ ನೋಡಿ ಸೇನೆಗೆ ಹೇಳಿದ್ದು ಎಲ್ಲರಿಗೂ ಗೊತ್ತು. ನೋಡಿ, ಅಲ್ಲೂ ಮೊದಲು ಕಂಡಿದ್ದು ಊರಿನವರ ಕಣ್ಣಿಗೇ. ಬಯಲಿಂದ, ಕಾಶ್ಮೀರ ಕಣಿವೆಯಿಂದ ಅವಸರದಲ್ಲಿ ತಂದ ಬೆಟಾಲಿಯನ್‌ಗಳು ಗಾಳಿಗೆ ಹೊಂದಿಕೊಳ್ಳೋಕೇ ಒದ್ದಾಡ್ತಿದ್ವು. ಬೆಟ್ಟದ ಮೇಲೆ ಕೂತವನನ್ನ ಕೆಳಗಿಂದ ಎಬ್ಬಿಸೋಕೆ ಬಯಲಲ್ಲಿ ಬೇಕಾಗೋದಕ್ಕಿಂತ ಎರಡು ಮೂರು ಪಟ್ಟು ಜನ ಬೇಕು, ಫಿರಂಗಿಯವರಿಗೂ ಹಳೇ ಲೆಕ್ಕ ತಪ್ಪುತ್ತೆ, ತೆಳು ಗಾಳಿಯಲ್ಲಿ ಶೆಲ್ ಹೆಚ್ಚು ದೂರ ಹೋಗುತ್ತೆ, ಹೆಲಿಕಾಪ್ಟರ್ ಅರೆಬರೆ ಭಾರ ಮಾತ್ರ ಎತ್ತುತ್ತೆ. ಹೀಗಿರುವಾಗ ಮೇ 30-31ಕ್ಕೆ ಲಡಾಖ್ ಸ್ಕೌಟ್ಸ್‌ನ ಮೇಜರ್ ಸೋನಮ್ ವಾಂಗ್ಚುಕ್ ಸುಮಾರು 40 ಜನರ ಜೊತೆ ಚೋರ್ಬಾಟ್ ಲಾ ಕಡೆ ಹತ್ತಿದ್ರು, 18,000 ಅಡಿ ಎತ್ತರ, ದಾರಿಯಲ್ಲಿ ಹೊಂಚುದಾಳಿ ಆಯ್ತು, ಜೊತೆಯವರೊಬ್ಬರು ಪ್ರಾಣ ಕಳಕೊಂಡ್ರು, ಆದ್ರೂ ತಂಡವನ್ನ ಹಿಡಿದಿಟ್ಟುಕೊಂಡು ಪಕ್ಕದಿಂದ ಹತ್ತಿ ಆ ಶಿಖರ ಸಾಲನ್ನ ತೆಗೆದುಕೊಂಡ್ರು. ಕಾರ್ಗಿಲ್ ಯುದ್ಧದಲ್ಲಿ ನಮ್ಮ ಮೊದಲ ಗೆಲುವುಗಳಲ್ಲಿ ಒಂದು, ಅದಕ್ಕೇ ಅವರಿಗೆ ಮಹಾವೀರ ಚಕ್ರ. (ಇವರು ಬೇರೆ, ಶಿಕ್ಷಣ ಪರಿಸರ ಅಂತ ಕೆಲಸ ಮಾಡೋ ಎಂಜಿನಿಯರ್ ಸೋನಮ್ ವಾಂಗ್ಚುಕ್ ಬೇರೆ, ಬಹಳ ಜನ ಒಬ್ಬರೇ ಅಂದುಕೊಳ್ತಾರೆ.) ಮುಂದಿನ ವಾರಗಳಲ್ಲಿ ಡಾಗ್ ಹಿಲ್, ಪದ್ಮಾ ಗೋ ಅಂತ ಬಟಾಲಿಕ್ ಕಡೆಯ ಗುಡ್ಡಗಳನ್ನೂ ಸ್ಕೌಟ್ಸ್ ತೆಗೆದುಕೊಂಡ್ರು.

ಇಷ್ಟಾದ ಮೇಲೆ, 2000ದ ಜೂನ್ 1ಕ್ಕೆ, ಲಡಾಖ್ ಸ್ಕೌಟ್ಸ್‌ನ ಪೂರ್ತಿ ಇನ್‌ಫೆಂಟ್ರಿ ರೆಜಿಮೆಂಟ್ ಮಾಡಿದ್ರು. ಈಗ ಐದು ಬೆಟಾಲಿಯನ್, ಕೇಂದ್ರ ಲೇಹ್‌ನಲ್ಲಿ. 2017ರ ಆಗಸ್ಟ್ 21ಕ್ಕೆ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಲೇಹ್‌ಗೆ ಹೋಗಿ ಐದೂ ಬೆಟಾಲಿಯನ್‌ಗಳಿಗೆ ಪ್ರೆಸಿಡೆಂಟ್ಸ್ ಕಲರ್ಸ್ (ಪಡೆಗೆ ಗೌರವವಾಗಿ ಕೊಡೋ ಧ್ವಜ) ಕೊಟ್ರು, ರಾಷ್ಟ್ರಪತಿ ಆದಮೇಲೆ ದೆಹಲಿಯ ಹೊರಗೆ ಅವರ ಮೊದಲ ಪ್ರವಾಸವೇ ಅದು. 1948ರಲ್ಲಿ ಬಂದ 28 ಹುಡುಗರಿಂದ ಇಲ್ಲಿಗೆ. ರಿಂಚೆನ್ ಅವರು ಅದನ್ನ ನೋಡೋಕೆ ಇರಲಿಲ್ಲ, 1997ರಲ್ಲೇ ತೀರಿಕೊಂಡಿದ್ರು, ಇದು ನನಗೆ ಯಾವಾಗಲೂ ಬೇಜಾರಾಗುತ್ತೆ.

ಹಾಗಂತ ಬೆಟ್ಟದವರಲ್ಲದವರು ಬೆಟ್ಟದಲ್ಲಿ ಗೆಲ್ಲೋಕಾಗಲ್ಲ ಅಂತ ನಾನು ಹೇಳ್ತಿಲ್ಲ. ಟೋಲೋಲಿಂಗ್ ಹತ್ತಿದವರಲ್ಲಿ ರಾಜಪುತಾನಾ ರೈಫಲ್ಸ್‌ನವರಿದ್ರು, ಬಯಲುಸೀಮೆಯ ಹುಡುಗರೇ ಜಾಸ್ತಿ. ಹೊಂದಿಕೊಳ್ಳೋಕೆ ಸಮಯ ಮತ್ತು ಒಳ್ಳೇ ತರಬೇತಿ ಕೊಟ್ರೆ ಎಲ್ಲರೂ ಅಲ್ಲಿ ನಿಲ್ಲಬಲ್ಲರು. ಸ್ಕೌಟ್ಸ್ ಇರೋದು ಆ ಸಮಯ ಇಲ್ಲದ ಮೊದಲ ವಾರಕ್ಕೆ, ಮತ್ತು ಉಳಿದವರಿಗೆ ದಾರಿ ತೋರಿಸೋಕೆ.

ನಿಮ್ಮ ತಮ್ಮನ ವಿಷಯ. ಜವಾನ್ ಆಗಿ ಲಡಾಖ್ ಸ್ಕೌಟ್ಸ್‌ಗೆ ಸೇರೋದು ಆಗಲ್ಲ, ಆ ಭರ್ತಿ ಲಡಾಖಿನವರಿಗೆ. ಆಫೀಸರ್ ಆದ್ರೆ ದಾರಿ ಇದೆ, ಆಫೀಸರ್‌ಗಳಿಗೆ ಊರಿನ ಕಟ್ಟುಪಾಡಿಲ್ಲ, ಎನ್‌ಡಿಎ ಅಥವಾ ಸಿಡಿಎಸ್ ಅನ್ನೋ ಆಫೀಸರ್ ಪ್ರವೇಶ ಪರೀಕ್ಷೆ ಬರೆದು ಅಕಾಡೆಮಿ ಮುಗಿಸೋ ಹೊತ್ತಿಗೆ ಯಾವ ರೆಜಿಮೆಂಟ್ ಬೇಕು ಅಂತ ಆಯ್ಕೆ ಕೊಡಬಹುದು, ಸಿಗೋದು ಬಿಡೋದು ಮೆರಿಟ್ ಮತ್ತು ಖಾಲಿ ಜಾಗದ ಮೇಲೆ. ಜವಾನ್ ಆಗಿಯೇ ಹೋದ್ರೂ ಬೆಟ್ಟ ತಪ್ಪಿಹೋಯ್ತು ಅಂದುಕೊಳ್ಳೋದು ಬೇಡ, ಯಾವ ರೆಜಿಮೆಂಟಿನ ಬೆಟಾಲಿಯನ್ ಬೇಕಾದ್ರೂ ಲಡಾಖ್‌ಗೋ ಸಿಯಾಚಿನ್‌ಗೋ ಹೋಗುತ್ತೆ, ಗುಲ್ಮಾರ್ಗ್‌ನ ಆ ಸ್ಕೂಲಿಗೂ ಬೇರೆ ಬೇರೆ ಯೂನಿಟ್‌ಗಳಿಂದ ಆಯ್ದು ಕಳಿಸ್ತಾರೆ. ಈಗಿಂದಲೇ ಓಟದ ಜೊತೆಗೆ ಬೆನ್ನ ಮೇಲೆ ಭಾರ ಹೊತ್ತು ಏರು ಹತ್ತೋದನ್ನ ರೂಢಿ ಮಾಡಿಕೊಳ್ಳೋಕೆ ಹೇಳಿ, ನಿಧಾನವಾಗಿ, ಒಂದೇ ಲಯದಲ್ಲಿ. ಭರ್ತಿಯ ಈಗಿನ ವಯಸ್ಸು ಮತ್ತು ಅರ್ಹತೆಗೆ ಸೇನೆಯ ಅಧಿಕೃತ ಪ್ರಕಟಣೆಯನ್ನೇ ನೋಡಿ, ಮಧ್ಯವರ್ತಿಗಳಿಗೆ ಒಂದು ಪೈಸೆನೂ ಕೊಡಬೇಡಿ.